ಖಾಲಿಗೆ ಬಿದ್ದ ಏಟು

ನಾನು ಮದುವೆಯಾಗಲಿರುವವರು ಡ್ರಮ್ ಬಾರಿಸುತ್ತಾರೆ ಎಂದು ಹುಬ್ಬಳ್ಳಿಗೆ ಫೋನ್ ಮಾಡಿ ಹೇಳಿದ ದಿನ ಅವ್ವ ಕೇಳಿದ್ದು ಎರಡೇ ಪ್ರಶ್ನೆ.

"ಮದುವಿ ಮೆರವಣಿಗ್ಯಾಗ ಕೊಳ್ಳಾಗ ಹಾಕ್ಕೊಂಡು ಬಡೀತಾರಲ್ಲ, ಅದನ?"

"ಅಲ್ಲಬೇ, ಕುಂತು ಬಾರಸೋದು. ರಾಕ್ ಬ್ಯಾಂಡು."

"ಕುಡೀತಾನ?"

"ಮೊದಲ ಕುಡೀತಿದ್ರು. ಈಗ ಬಿಟ್ಟಾರ."

ಅವ್ವ ನಂಬಲಿಲ್ಲ. ಮುಂದೆ ಮೆಲ್ಬರ್ನ್‌ಗೆ ನಮ್ಮ ಮನೆಗೆ ಬಂದಾಗಲೂ ನನ್ನ ಗಂಡ ಕುಡಿದಿಟ್ಟ ಲೋಟವನ್ನು ತೊಳೆಯುವ ನೆಪದಲ್ಲಿ ಎತ್ತಿ ಮೂಸಿ ನೋಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರು ಮಾತ್ರ ನಕ್ಕು, "ಅವ್ವಾ, ಚಾ" ಎಂದು ಲೋಟವನ್ನು ತಾವೇ ಅವಳ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಈ ಲೋಟದ ಮಾತು ಮುಂದೆ ಬರುತ್ತದೆ, ಅದಕ್ಕೇ ಮೊದಲೇ ಹೇಳಿದೆ.

ಅವರು ವೇಲ್ಸ್‌ನವರು. ಕಲ್ಲಿದ್ದಲ ಗಣಿಗಳು ಮುಚ್ಚಿಹೋದ ಒಂದು ಕಣಿವೆಯ ಊರು. ಅವರಪ್ಪ ಗಣಿ ಕೆಲಸಗಾರರ ಹಿತ್ತಾಳೆ ವಾದ್ಯದ ಮೇಳದಲ್ಲಿ ಕಹಳೆ ಊದುತ್ತಿದ್ದರಂತೆ. ಆ ಮೇಳದಲ್ಲೇ ಇವರ ಕೈಗೆ ಡ್ರಮ್ ಕಡ್ಡಿ ಬಂತು. ಶಾಲೆಯ ಗೆಳೆಯರು ಸೇರಿ ಬ್ಯಾಂಡ್ ಕಟ್ಟಿದರು. ಹಳೆಯ ವ್ಯಾನಿನಲ್ಲಿ ಊರೂರು ಸುತ್ತಿ, ಪಬ್ಬುಗಳಲ್ಲಿ ಬಾರಿಸಿ, ಬಾಟಲಿ ಏಟು ತಿಂದು, ಕೊನೆಗೆ ಒಂದೇ ಒಂದು ಹಾಡಿನಿಂದ ಹೆಸರು ಮಾಡಿದರು. ಆ ಹಾಡು ಆಸ್ಟ್ರೇಲಿಯಾದವರೆಗೂ ಹಬ್ಬಿತು. ಹಿಂದೆಯೇ ಬ್ಯಾಂಡೂ ಬಂತು, ಇಲ್ಲೇ ಜಗಳವಾಡಿ ಒಡೆಯಿತು. ಮಿಕ್ಕವರು ವಾಪಸು ಹೋದರು. ಇವರು ಸಿಡ್ನಿಯಲ್ಲೇ ಉಳಿದು ಡ್ರಮ್ ಪಾಠ ಹೇಳಿಕೊಡತೊಡಗಿದರು.

ನಾನಾಗ ಅದೇ ಸಿಡ್ನಿಯ ಮ್ಯಾಕ್ವೆರಿ ಪಾರ್ಕ್‌ನ ಆಫೀಸಿಗೆ ಹತ್ತಿರವೆಂದು ಒಂದು ಯೂನಿಟ್, ಫ್ಲ್ಯಾಟಿಗೆ ಇಲ್ಲಿ ಹಾಗೆನ್ನುತ್ತಾರೆ, ರೆಂಟಿಗೆ ಹಿಡಿದಿದ್ದೆ. ಕೆಳಗಿನ ಯೂನಿಟ್ಟಿನಲ್ಲಿ ಇವರ ಪಾಠ. ಒಂದು ಭಾನುವಾರ ತಡೆಯಲಾರದೆ ಇಳಿದುಹೋಗಿ ಬಾಯಿಗೆ ಬಂದಂತೆ ಬೈದೆ. ಬೈಗುಳದ ನಡುವೆ, "ಬಾರಿಸುವುದಿದ್ದರೆ ಸರಿಯಾಗಿ ಬಾರಿಸಲು ಹೇಳಿ, ನಿಮ್ಮ ಶಿಷ್ಯ ಪ್ರತಿ ಸಲ ಓಡುತ್ತಾನೆ" ಎಂದುಬಿಟ್ಟೆ. ಲಯ ಓಡುತ್ತದೆಂದು ನಿನಗೆ ಹೇಗೆ ಗೊತ್ತು ಎಂದು ಅವರು ಕೇಳಿದರು. ನಾನು ಧಾರವಾಡದಲ್ಲಿ ಚಿಕ್ಕಂದಿನಿಂದ ಹಾಡು ಕಲಿತವಳು. ಅಲ್ಲಿ ಬಾಯಿಗೆ ಸ್ವರ ಹಚ್ಚುವ ಮೊದಲು ಕೈಗೆ ತಾಳ ಹಚ್ಚುತ್ತಿದ್ದರು. ಹದಿನಾರು ಮಾತ್ರೆಯ ತಾಳ ಹಾಕಿ ತೋರಿಸಿದೆ: ಮೊದಲ ಮಾತ್ರೆಗೆ ಚಪ್ಪಾಳೆ, ಅದು ಸಮ್, ಎಲ್ಲರೂ ಬಂದು ಕೂಡುವ ಜಾಗ. ಒಂಬತ್ತನೆಯದಕ್ಕೆ ಚಪ್ಪಾಳೆಯಿಲ್ಲ, ಅಂಗೈ ಬಿಚ್ಚಿ ಹೊರಗೆ ಬೀಸುವುದು, ಅದು ಖಾಲಿ. ಅವರು ಇನ್ನೊಮ್ಮೆ ತೋರಿಸು ಎಂದರು. ಅಲ್ಲಿಗೆ ಜಗಳ ಮುಗಿಯಿತು, ಸಂಸಾರ ಶುರುವಾಯಿತು.

ಗಂಡನ ಹೆಸರು ಹಿಡಿದು ಕರೆಯುವುದು ಇವತ್ತಿಗೂ ನನ್ನಿಂದಾಗದು. "ರೀ" ಎಂದೇ ಕರೆಯುತ್ತೇನೆ. ಅವರ ಹಳೆಯ ಬ್ಯಾಂಡಿನವರು ಫೋನಿನಲ್ಲಿ ಇದನ್ನು ಕೇಳಿ ಕೇಳಿ ತಾವೂ ಅವರನ್ನು "ರೀ" ಎಂದೇ ಕರೆಯತೊಡಗಿದರು. ಅರವತ್ತು ದಾಟಿದ ವೇಲ್ಸ್ ಗಂಡಸರು ನನ್ನ ಗಂಡನನ್ನು ರೀ ಎನ್ನುವುದನ್ನು ಕೇಳಬೇಕು ನೀವು!

ನನಗೆ ಬ್ಯಾಂಕಿನ ಐಟಿ ಕೆಲಸ ಸಿಕ್ಕ ಮೇಲೆ ಮೆಲ್ಬರ್ನ್‌ಗೆ ಬಂದು ಡಾಕ್‌ಲ್ಯಾಂಡ್ಸ್‌ನ ಅಪಾರ್ಟ್‌ಮೆಂಟಿನಲ್ಲಿ ನೆಲೆಯಾದೆವು. ಅಲ್ಲಿಗೆ ಬಂದ ಮೇಲೆ ಅವರ ಕಿವಿ ಹೋಗತೊಡಗಿತು. ಮೊದಲು ಬಲಗಿವಿ, ಆಮೇಲೆ ಎಡಗಿವಿಯೂ ಅರ್ಧ. ಟ್ರ್ಯಾಮ್ ಗಂಟೆ ಹೊಡೆದರೂ ಹಳಿ ದಾಟುತ್ತಿದ್ದರು. ನಾನು ಅಂಗಿ ಹಿಡಿದು ಎಳೆಯಬೇಕು. ಕೇಳದಿರುವುದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು: ಕಿವಿಯೊಳಗೆ ಸದಾ ಒಂದು ಶಿಳ್ಳೆ. ಸುತ್ತ ಸದ್ದಿದ್ದರೆ ಅದು ಅಡಗಿರುತ್ತಿತ್ತು. ಸದ್ದು ನಿಂತಿತೋ, ಎದ್ದು ತಲೆ ತುಂಬಿಕೊಳ್ಳುತ್ತಿತ್ತು. ಇದು ಗೊತ್ತಿದ್ದದ್ದು ನನಗೆ ಮತ್ತು ಡಾಕ್ಟರಿಗೆ ಮಾತ್ರ.

ಅಂಥ ಹೊತ್ತಿನಲ್ಲಿ ಫೋನ್ ಬಂತು. ಬ್ಯಾಂಡ್ ಮತ್ತೆ ಕೂಡುತ್ತಿದೆ, ಆಸ್ಟ್ರೇಲಿಯಾದಲ್ಲಿ ಎರಡು ಕಾರ್ಯಕ್ರಮ, ಮೊದಲು ಸಿಡ್ನಿ, ಆಮೇಲೆ ಮೆಲ್ಬರ್ನ್. ರೀ ಬಾರಿಸಬೇಕು.

"ಹೇಳ್ರಿ ಅವ್ರಿಗೆ, ಕಿವಿ ಕೇಳಂಗಿಲ್ಲಂತ," ಎಂದೆ.

"ಹೇಳಿದ್ರೆ ಬೇರೆಯವರನ್ನ ಕೂಡಿಸ್ತಾರೆ," ಎಂದರು ಇಂಗ್ಲಿಷಿನಲ್ಲಿ. ಆಮೇಲೆ ಕಿಟಕಿಯ ಕಡೆ ನೋಡುತ್ತ, "ಡ್ರಮ್ಮಿನ ಮುಂದಿನ ಆ ಸ್ಟೂಲಿನಿಂದ ಒಂದಿನ ಏಳಲೇಬೇಕು, ಗೊತ್ತು. ಆದ್ರೆ ನಾನಾಗೇ ಏಳಬೇಕು. ಯಾರೂ ಎಬ್ಬಿಸಬಾರದು," ಎಂದರು.

ಕಷ್ಟವಿದ್ದದ್ದು ಹೆಸರು ತಂದುಕೊಟ್ಟ ಆ ಹಾಡಿನಲ್ಲೇ. ನಡುವೆ ಎಲ್ಲ ವಾದ್ಯಗಳೂ ಒಮ್ಮೆಲೇ ನಿಲ್ಲುತ್ತವೆ. ಹಾಡುವವನು ಬರೀ ಗುನುಗುತ್ತಾನೆ, ದೀಪ ಆರುತ್ತದೆ. ಸರಿಯಾಗಿ ಹದಿನಾರು ಮಾತ್ರೆ ಕಳೆದ ಮೇಲೆ ಡ್ರಮ್ಮಿನ ಒಂದು ಏಟು, ಅದರ ಮೇಲೆ ಎಲ್ಲರೂ ಬಂದು ಬೀಳಬೇಕು. ಆ ಮೌನದಲ್ಲಿ ಇವರ ಶಿಳ್ಳೆ ಎದ್ದು ಎಣಿಕೆಯನ್ನೇ ನುಂಗಿಬಿಡುತ್ತಿತ್ತು. ನೋಡಿ, ಜೋರು ಸದ್ದಿನಲ್ಲಿ ಹುಲಿಯಂತೆ ಬಾರಿಸುವ ಮನುಷ್ಯ ಸದ್ದಿಲ್ಲದ ಜಾಗದಲ್ಲಿ ಸಿಕ್ಕಿಬೀಳುತ್ತಿದ್ದರು.

ಅಡುಗೆಮನೆಯ ಟೇಬಲ್ಲಿನ ಮೇಲೆ ತಾಲೀಮು ನಡೆಯಿತು. ಅವರ ಮುಂದೆ ರಬ್ಬರಿನ ಪ್ಯಾಡು, ನನ್ನ ಕಿವಿಯಲ್ಲಿ ಹಾಡು. ನಾನು ಸೆರಗಿನ ಮರೆಯಲ್ಲಿ ಬೆರಳ ಗೆಣ್ಣಿನ ಮೇಲೆ ಎಣಿಸುವುದು. ಸಮ್ ಬಂದಾಗ ಮಾತ್ರ ಕೈ ಬಿಚ್ಚಿ ಬೀಸುವುದು. ಅದನ್ನು ನೋಡಿ ಅವರು ಹೊಡೆಯುವುದು. ವೇದಿಕೆಯ ಪಕ್ಕ ಅವರಿಗೆ ಕಾಣುವಲ್ಲಿ ನಾನು ನಿಲ್ಲಬೇಕೆಂದು ಗೊತ್ತು ಮಾಡಿಕೊಂಡೆವು. ಮನೆಯಲ್ಲಿ ಒಂದು ಸಲವೂ ತಪ್ಪಲಿಲ್ಲ. ಒಗ್ಗರಣೆ ಹಾಕುತ್ತ ನಿಂತಾಗಲೂ ಕೈ ಬೀಸಿ ಪರೀಕ್ಷೆ ಮಾಡುತ್ತಿದ್ದೆ, ಚಮಚದಲ್ಲೇ ಹೊಡೆಯುತ್ತಿದ್ದರು.

ಸಿಡ್ನಿಯ ಸಭಾಂಗಣ ತುಂಬಿತ್ತು. ಬ್ಯಾಂಡಿನವರ ಜೊತೆಗಿನ ತಾಲೀಮಿನಲ್ಲೇ ಹಾಡುಗಾರನಿಗೆ ಏನೋ ಅನುಮಾನ ಬಂದಿತ್ತು. ಗಡ್ಡದ ಇನ್ನೊಬ್ಬ ಡ್ರಮ್ಮರನನ್ನು ಕರೆಸಿ ಹಿಂದೆ ಕೂಡಿಸಿದ್ದ. ಹಾಡು ಶುರುವಾಯಿತು. ವಾದ್ಯಗಳು ನಿಂತವು, ದೀಪ ಆರಿತು. ನಾನು ನಿಂತ ಕಡೆ ಒಂದೇ ಸಣ್ಣ ಬೆಳಕು. ಅವರು ಕಡ್ಡಿ ಎತ್ತಿ ನನ್ನ ಕೈಯನ್ನೇ ನೋಡುತ್ತಿದ್ದರು. ಎಣಿಸತೊಡಗಿದೆ. ಗೆಣ್ಣು ತಪ್ಪುತ್ತದೆಂದು ಹೆದರಿ ಮನಸ್ಸಿನಲ್ಲಿ ಧಾ ಧಿನ್ ಧಿನ್ ಧಾ ಎಂದು ತಬಲಾದ ಬೋಲು ಹಿಡಿದೆ. ಬೋಲು ಹಿಡಿದದ್ದೇ ತಡ, ಕೈ ನನ್ನ ಮಾತು ಕೇಳಲಿಲ್ಲ. ಒಂಬತ್ತನೆಯ ಮಾತ್ರೆ ಬಂತು, ಲಂಗ ಉಟ್ಟ ಕಾಲದಿಂದ ಕಲಿತ ಕೈ ತಾನಾಗಿ ಬಿಚ್ಚಿಕೊಂಡು ಖಾಲಿ ಬೀಸಿತು.

ಅವರು ಹೊಡೆದರು.

ಅಯ್ಯ ಶಿವನೇ! ಮೌನ ಅರ್ಧಕ್ಕೆ ಬಂದಾಗಲೇ ಆ ಏಟು ಸಿಡಿಲಿನಂತೆ ಬಿತ್ತು. ಗುನುಗುತ್ತಿದ್ದ ಹಾಡುಗಾರ ಬೆಚ್ಚಿ ತಿರುಗಿದ. ಗಿಟಾರಿನವನ ಲಯ ಒಂದು ಕಡೆ ಓಡಿತು, ಬೇಸ್ ಗಿಟಾರಿನವನದು ಇನ್ನೊಂದು ಕಡೆ. ದೀಪ ಎಲ್ಲಕ್ಕಿಂತ ಕೊನೆಗೆ ಹತ್ತಿತು. ಹೇಗೋ ಸಾವರಿಸಿಕೊಂಡು ಮುಗಿಸಿದರು. ಜನರಿಗೆ ತಿಳಿಯಲಿಲ್ಲ, ಕೇಕೆ ಹಾಕಿದರು. ವೇದಿಕೆಯ ಮೇಲಿದ್ದವರಿಗೆಲ್ಲ ತಿಳಿದಿತ್ತು.

ಹಿಂದಿನ ಕೋಣೆಯ ಬಾಗಿಲು ಮುಚ್ಚುತ್ತಲೇ ಹಾಡುಗಾರ ಇವರ ಮುಖಕ್ಕೆ ಮುಖವಿಟ್ಟು ಕೇಳಿದ: "ಕುಡಿದಿದ್ದೀಯಾ?"

ಇವರು ಅವನ ತುಟಿ ಓದಿದರು. ನೆಲ ನೋಡಿದರು.

"ಹೌದು. ಸ್ವಲ್ಪ," ಎಂದರು.

ನನಗೆ ತಲೆ ಕೆಟ್ಟೇಹೋಯಿತು. ಕಿವುಡ ಎನ್ನಿಸಿಕೊಳ್ಳುವುದಕ್ಕಿಂತ ಕುಡುಕ ಎನ್ನಿಸಿಕೊಂಡರೆ ಸ್ಟೂಲು ಉಳಿಯುತ್ತದೆಂಬ ಲೆಕ್ಕ ಈ ಮನುಷ್ಯನದು. ಕುಡಿದವನಿಗೆ ಬೈದು ನಾಳೆ ಮತ್ತೆ ಕೂಡಿಸುತ್ತಾರೆ, ಕಿವುಡನನ್ನು ಕೂಡಿಸುವುದಿಲ್ಲ. ಆದರೆ ಅವ್ವ ಮೂಸಿದ ಆ ಲೋಟಗಳು? ಒಂದು ತೊಟ್ಟು ಮುಟ್ಟದೆ ಕಳೆದ ಅಷ್ಟು ವರ್ಷ? ಅದನ್ನೆಲ್ಲ ಒಂದು ಮಾತಿನಲ್ಲಿ ಒರೆಸಿಹಾಕುವುದನ್ನು ನಾನು ನಿಂತು ನೋಡಬೇಕೇ?

"ಸುಳ್ಳ ಹೇಳಾಕ ನಾಚಿಕಿ ಬರಂಗಿಲ್ಲೇನ್ರಿ ನಿಮಗ!" ಎಂದು ಕಿರುಚಿದೆ. ಆಮೇಲೆ ಇಂಗ್ಲಿಷಿನಲ್ಲಿ ಎಲ್ಲರಿಗೂ ತಿಳಿಯುವಂತೆ ಹೇಳಿದೆ. ಇವರು ಕುಡಿದಿಲ್ಲ, ಇವರಿಗೆ ಕಿವಿ ಕೇಳುವುದಿಲ್ಲ. ನಾನು ಕೈ ಬೀಸಿದೆ, ಇವರು ಹೊಡೆದರು. ಬೈಯುವುದಿದ್ದರೆ ನನ್ನನ್ನು ಬೈಯಿರಿ.

ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಇವರು ಕಡ್ಡಿಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ನನ್ನ ಕಡೆ ನೋಡದೆ ಹೊರಗೆ ಹೋದರು.

ತಮ್ಮ ಹಳೆಯ ಡ್ರಮ್ಮನ್ನು ವಿಮಾನದವರ ಕೈಗೆ ಕೊಡುವುದಿಲ್ಲವೆಂದು ಹಟ ಹಿಡಿದು ಕಾರಿನಲ್ಲಿ ತಂದಿದ್ದರು. ಮರುದಿನ ಅದೇ ಕಾರಿನಲ್ಲಿ ಮೆಲ್ಬರ್ನ್‌ಗೆ ಹೊರಟೆವು. ಹ್ಯೂಮ್ ಹೈವೇ ಎಂದರೆ ಇಡೀ ದಿನದ ದಾರಿ. ಒಣಹುಲ್ಲಿನ ಬಯಲು, ಲಾರಿಗಳು, ಮತ್ತೆ ಬಯಲು. ನಾನು ರೇಡಿಯೋ ಹಾಕಿದೆ, ಆರಿಸಿದೆ. ಅವಲಕ್ಕಿ ಚೂಡಾ ಮುಂದೆ ಹಿಡಿದೆ, ಬೇಡವೆಂದು ತಲೆಯಾಡಿಸಿದರು. ಪೆಟ್ರೋಲ್ ಹಾಕಿಸಲು ನಿಂತಾಗ, ಕಾಫಿ ಲೋಟವನ್ನು ಕಾರಿನ ಮೇಲಿಟ್ಟು, ಆ ದಿನದ ಒಂದೇ ಮಾತು ಆಡಿದರು.

"ಯಾರೂ ಎಬ್ಬಿಸಬಾರದು ಅಂದಿದ್ದೆ. ನೀನೇ ಎಬ್ಬಿಸಿದೆ."

ಕಾರಿನೊಳಗೆ ಕೂತು ಅತ್ತೆ. ಸಿಟ್ಟೂ ಇತ್ತು, ಸಂಕಟವೂ ಇತ್ತು, ಯಾವುದಕ್ಕೆ ಅಳುತ್ತಿದ್ದೇನೆಂದು ನನಗೇ ಗೊತ್ತಾಗಲಿಲ್ಲ.

ಮೆಲ್ಬರ್ನ್ ಕಾರ್ಯಕ್ರಮದ ಬೆಳಿಗ್ಗೆ ಹಾಡುಗಾರನ ಮೆಸೇಜು ಬಂತು: ರೀ ಶುರು ಮಾಡಲಿ, ಗಡ್ಡದವನು ಹಿಂದೆ ಕೂತಿರುತ್ತಾನೆ, ತಪ್ಪಿದರೆ ಅಲ್ಲೇ ಬದಲಾಯಿಸುತ್ತೇವೆ. ಅಷ್ಟು ಜನರ ಮುಂದೆ ಎಬ್ಬಿಸುತ್ತೇವೆ ಎಂದು ಅರ್ಥ. ಅವರು ಮೆಸೇಜನ್ನು ನನಗೆ ತೋರಿಸಿ, ನೀನು ಕೆಳಗೆ ಜನರ ಜೊತೆ ಕೂತುಕೋ ಎಂದು ಕೈಸನ್ನೆ ಮಾಡಿದರು. ನನ್ನ ಕೈ ಬೇಡ ಅವರಿಗೆ. ಸರಿ, ಅದೂ ಆಗಲಿ.

ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ. ಮೊದಲ ಹಾಡುಗಳೆಲ್ಲ ಚೆನ್ನಾಗಿ ಹೋದವು. ನಾನು ಒಂದನ್ನೂ ಕೇಳಲಿಲ್ಲ, ಆ ಮೌನಕ್ಕೆ ಕಾಯುತ್ತಿದ್ದೆ. ಅದೂ ಬಂತು. ವಾದ್ಯಗಳು ನಿಂತವು. ದೀಪ ಆರಿತು. ಗಡ್ಡದವನು ಎದ್ದು ನಿಂತದ್ದು ಕಪ್ಪಾಗಿ ಕಂಡಿತು. ಆಗ ಬೇಸ್ ಗಿಟಾರಿನವನು ಹಿಂದಕ್ಕೆ ಸರಿದ. ಡ್ರಮ್ಮು ಇಟ್ಟಿದ್ದ ಮರದ ಕಟ್ಟೆಯ ಮೇಲೆ ಒಂದು ಕಾಲಿಟ್ಟು ಹಿಮ್ಮಡಿಯಿಂದ ಕುಟ್ಟತೊಡಗಿದ. ಒಂದು, ಎರಡು, ಮೂರು. ವೇದಿಕೆಯ ಪಕ್ಕದ ಸಣ್ಣ ಬೆಳಕಿನಲ್ಲಿ ನೋಡಿದರೆ ನಮ್ಮವರ ಕಾಲಲ್ಲಿ ಶೂ ಇಲ್ಲ. ಬರಿಗಾಲನ್ನು ಹಲಗೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಸಿಡ್ನಿಯ ಕೋಣೆಯಲ್ಲಿ ನಾನು ಕಿರುಚಿದ್ದನ್ನು ಈ ಬೇಸಿನವನು ಒಬ್ಬನಾದರೂ ಕೇಳಿಸಿಕೊಂಡಿದ್ದನಲ್ಲ.

ಒಂಬತ್ತು ಬಂತು. ತೊಡೆಯ ಕೆಳಗೆ ನನ್ನ ಕೈ ಒದ್ದಾಡಿತು, ಬಿಡಲಿಲ್ಲ. ಖಾಲಿ ಹಾಗೇ ದಾಟಿತು. ಹದಿಮೂರು, ಹದಿನಾಲ್ಕು. ಹದಿನೈದು. ಹದಿನಾರು.

ಏಟು ಬಿತ್ತು. ಎಲ್ಲರೂ ಬಂದು ಅದರ ಮೇಲೆಯೇ ಬಿದ್ದರು. ದೀಪವೂ ಬಂತು. ನನ್ನ ತಲೆ ಧಾರವಾಡದ ಹಾಡಿನ ಬೈಠಕ್ಕಿನಲ್ಲಿ ಆಡಿದಂತೆ ತಾನಾಗಿ ಆಡಿತು, "ಆಹಾ" ಎಂದು ಜೋರಾಗಿಯೇ ಅಂದೆ, ಪಕ್ಕದ ಹೆಂಗಸು ತಿರುಗಿ ನೋಡಿದಳು.

ಆ ಹಾಡು ಮುಗಿದಾಗ ಇನ್ನೊಂದು ಹಾಡು ಬಾಕಿ ಇತ್ತು. ಅವರು ಎದ್ದರು. ಯಾರೂ ಎಬ್ಬಿಸಲಿಲ್ಲ. ಗಡ್ಡದವನನ್ನು ಕೈ ಹಿಡಿದು ಕರೆತಂದು, ಕಡ್ಡಿಗಳನ್ನು ಅವನ ಕೈಗೆ ಕೊಟ್ಟು, ಸ್ಟೂಲಿನ ಮೇಲೆ ಕೂಡಿಸಿ, ಶೂಗಳನ್ನು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದರು. ಜನ ಎದ್ದು ನಿಂತು ಕೂಗುತ್ತಿದ್ದರು. ಅವರು ಹಿಂತಿರುಗಿ ನೋಡಲಿಲ್ಲ, ಬಹುಶಃ ತಿಳಿಯಲೂ ಇಲ್ಲ.

ನಾನು ಜನರನ್ನು ನೂಕಿಕೊಂಡು ಪಕ್ಕದ ಓಣಿಗೆ ಓಡಿದೆ. ಗೋಡೆಗೆ ಒರಗಿ ನಿಂತಿದ್ದರು, ಮೈಯೆಲ್ಲ ಬೆವರು. ನನ್ನನ್ನು ಕಂಡದ್ದೇ ಹೈವೇಯಿಂದ ಮುಚ್ಚಿದ್ದ ಬಾಯಿ ತೆರೆಯಿತು, ಅದೂ ನನ್ನ ಮಾತಿನಲ್ಲಿ.

"ಸಮ್ ಸಿಕ್ತೇನ?"

ಅಷ್ಟು ಜನರೆದುರು ತಾವೇ ಹೊಡೆದ ಕೊನೆಯ ಏಟು ಸರಿಯಾಗಿ ಬಿತ್ತೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗದೆಯೇ ಎದ್ದು ಬಂದಿದ್ದರು.

ಒಳಗೆ ಗಡ್ಡದವನು ಶುರು ಮಾಡಿದ್ದ, ಗೋಡೆ ಅದುರುತ್ತಿತ್ತು. ನಾನು ಏನು ಹೇಳಿದರೂ ಅವರಿಗೆ ಕೇಳುತ್ತಿರಲಿಲ್ಲ. ಅವರ ಅಂಗೈ ಹಿಡಿದು, ಬಿಡಿಸಿ, ಅದರ ಮೇಲೆ ನನ್ನ ಕೈಯಿಂದ ಸಮ್ಮಿನ ಚಪ್ಪಾಳೆ ಒಂದು ಹೊಡೆದೆ. ಜೋರಾಗಿಯೇ ಹೊಡೆದೆ. ಸಿಟ್ಟು ಇನ್ನೂ ಇತ್ತಲ್ಲ.