ಹೆಚ್ಚು ಉಲ್ಲೇಖಗೊಂಡ ಮಾತು

ನನ್ನ ವಿಷಯ ಆರೋಗ್ಯ ಮನೋವಿಜ್ಞಾನ. ಕಾಯಿಲೆಯವರು ಔಷಧವನ್ನು ನಡುವೆ ಯಾಕೆ ಬಿಡುತ್ತಾರೆ ಎಂಬುದನ್ನು ಹುಡುಕುವುದು ನನ್ನ ಸಂಶೋಧನೆ. ಊರು ಅಂಕೋಲೆ, ಪಾಠ ಮಾಡುವುದು ಕಾರವಾರದ ಕಾಲೇಜೊಂದರಲ್ಲಿ. ಪಿಎಚ್‌.ಡಿ. ದಿನಗಳಲ್ಲಿ ದಾರಿಯ ನಡುವೆ ತೋಡೂರಿನಲ್ಲಿ ಬಸ್ಸಿಳಿದು, ನೌಕಾನೆಲೆಗೆ ಗದ್ದೆ ಬಿಟ್ಟುಕೊಟ್ಟು ಬಂದವರ ಮನೆಗಳಿಗೆ ಹೋಗುತ್ತಿದ್ದೆ. ಸಕ್ಕರೆ ಕಾಯಿಲೆ ಇದ್ದವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ.

ಅವರಲ್ಲಿ ಒಬ್ಬರು ಅರವತ್ತು ದಾಟಿದ ಹೆಂಗಸು. ಸೊಸೆ ಕೂಲಿಗೆ ಹೋದರೆ ಮನೆಯಲ್ಲಿ ಒಬ್ಬರೇ. ಗುಳಿಗೆ ಯಾಕೆ ತಪ್ಪಿಸುತ್ತೀರಿ ಎಂದು ಕೇಳಿದ್ದಕ್ಕೆ ಅವರು ಅಂಗಳದ ಕಡೆ ಮುಖ ಮಾಡಿ ಹೇಳಿದರು:

"ಗದ್ದೆ ಇದ್ದಾಗ ಬೆಳಗಾಯ್ತು, ಮಧ್ಯಾಹ್ನಾಯ್ತು ಹೇಳಿ ಗೊತ್ತಾಗ್ತಿತ್ತು ಅಕ್ಕೋರೇ. ಈಗ ಇಡೀ ದಿವ್ಸ ಒಂದೇ. ಗುಳಿಗೆ ತಿನ್ನುದು ಯಾವಾಗ?"

ನನಗೆ ಬೇಕಾದದ್ದು ಸಿಕ್ಕಿಬಿಟ್ಟಿತ್ತು. ನೆಲ ಕಳೆದುಕೊಂಡವರಿಗೆ ಹೊತ್ತಿನ ಪರಿವೆಯೂ ತಪ್ಪುತ್ತದೆ, ಅದರೊಂದಿಗೆ ಔಷಧವೂ ತಪ್ಪುತ್ತದೆ ಎಂದು ಲೇಖನ ಬರೆದೆ. ಹೊರದೇಶದ ಪತ್ರಿಕೆಯೊಂದು ಪ್ರಕಟಿಸಿತು. ನಾನು ಬೇರೆ ಲೇಖನಗಳನ್ನೂ ಬರೆದಿದ್ದೇನೆ, ಅವನ್ನು ಯಾರೂ ಮುಟ್ಟಲಿಲ್ಲ. ಇದನ್ನು ಮಾತ್ರ ಎಲ್ಲೆಲ್ಲಿಯವರೋ ಉಲ್ಲೇಖಿಸತೊಡಗಿದರು, ಅದರಲ್ಲೂ ಆ ಒಂದು ಮಾತನ್ನು. ಕಾಲೇಜಿನಲ್ಲಿ ನನ್ನನ್ನು ಪರಿಚಯಿಸುವಾಗ ಮೊದಲು ಇದನ್ನೇ ಹೇಳುತ್ತಿದ್ದರು.

ಕೆಲವು ವರ್ಷಗಳ ನಂತರ ಲೇಖನದ ಒಂದು ಪ್ರತಿ ಹಿಡಿದು ತೋಡೂರಿಗೆ ಹೋದೆ. ಅವರಿಗೆ ತೋರಿಸಬೇಕೆಂಬ ಆಸೆ. ಸೊಸೆ ಬಾಗಿಲಲ್ಲಿ ನಿಂತು, "ಅತ್ತೆ ಹೋದ ಮಳೆಗಾಲದಲ್ಲಿ ತೀರಿಹೋದ್ರು. ಕಿಡ್ನಿ" ಎಂದಳು. ಕೂರಿಸಿ ಚಾ ಕೊಟ್ಟಳು. ಇಂಗ್ಲಿಷಿನ ಹಾಳೆಗಳನ್ನು ತಿರುವಿದಳು.

"ಇದ್ರಲ್ಲಿ ಅತ್ತೆ ಹೆಸ್ರು ಉಂಟಾ?"

"ಇಲ್ಲ. ಹೆಸರು ಹಾಕಬಾರದು ಅಂತ ನಿಯಮ." ಅವರ ಮಾತು ಇದ್ದ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ.

ಅವಳು ಹಾಳೆಗಳನ್ನು ಮಡಚಿ ನನ್ನ ಕೈಗಿಟ್ಟಳು. "ಹಾಂಗೆ ಹೇಳಿರ್ಬಹುದು. ಆದ್ರೆ ಅದಕ್ಕಲ್ಲ ಗುಳಿಗೆ ಬಿಟ್ಟದ್ದು. ಕಣ್ಣು ಆಗ್ಲೇ ಮಂದ ಆಗಿತ್ತು ಅವ್ರಿಗೆ. ಸಕ್ಕರೆದೂ ಬಿಳಿ ಗುಳಿಗೆ, ಬಿಪಿದೂ ಬಿಳಿ. ಅದಲುಬದಲಾದ್ರೆ ಜೀವಕ್ಕೆ ಅಪಾಯ ಹೇಳಿ ಹೆದ್ರಿ ಎರಡೂ ಬಿಟ್ಟಿದ್ರು. ನಂಗೂ ಕಡೆಗೇ ಗೊತ್ತಾದದ್ದು."

"ನನ್ನ ಹತ್ತಿರ ಹೇಳಲೇ ಇಲ್ಲವಲ್ಲ."

"ಅಕ್ಕೋರ ಹತ್ರ ಕೇಳಿದ್ದೆ ಅಂತಿದ್ರು."

ಮನೆಗೆ ಬಂದು ಹಳೆಯ ರೆಕಾರ್ಡಿಂಗ್ ಹುಡುಕಿ ಹಾಕಿದೆ. ಗದ್ದೆಯ ಮಾತು ಮುಗಿದ ಮೇಲೆ ಪ್ಲಾಸ್ಟಿಕ್ ಚೀಲದ ಸರಪರ ಸದ್ದು. ನಂತರ ಅವರ ದನಿ, "ಇದ್ರಲ್ಲಿ ಸಕ್ಕರೆದು ಯಾವ್ದು ಅಕ್ಕೋರೇ?" ಅದರ ಹಿಂದೆಯೇ ನನ್ನ ದನಿ, ಅವಸರದ್ದು: "ಅದನ್ನ ಡಾಕ್ಟರ ಹತ್ತಿರ ಕೇಳಿ. ಗದ್ದೆ ಹೋದ ಮೇಲೆ ನಿದ್ದೆ ಹೇಗೆ ಬರ್ತದೆ?" ಬರಹಕ್ಕೆ ಇಳಿಸುವಾಗ ವಿಷಯಕ್ಕೆ ಸಂಬಂಧವಿಲ್ಲವೆಂದು ಆ ಎರಡು ಸಾಲನ್ನು ನಾನೇ ಬಿಟ್ಟಿದ್ದೆ.

ನಡೆದದ್ದನ್ನು ಬರೆದು ಅದೇ ಪತ್ರಿಕೆಗೆ ಕಳಿಸಿದೆ. ತಿಂಗಳುಗಟ್ಟಲೆ ಕಾದ ಮೇಲೆ ಚಿಕ್ಕ ಟಿಪ್ಪಣಿಯಾಗಿ ಬಂತು. ಅದನ್ನು ಈವರೆಗೆ ಯಾರೂ ಉಲ್ಲೇಖಿಸಿಲ್ಲ. ಹಳೆಯ ಲೇಖನಕ್ಕೆ ಉಲ್ಲೇಖಗಳು ಬರುತ್ತಲೇ ಇವೆ. ಅದರ ಬಲದ ಮೇಲೆಯೇ ನನಗೆ ಬಡ್ತಿಯೂ ಆಯಿತು, ಬೇಡ ಎನ್ನುವ ಧೈರ್ಯ ಬರಲಿಲ್ಲ.

ಇನ್ನೊಂದು ಸಲ ತೋಡೂರಿಗೆ ಹೋದೆ. ಸೊಸೆಯ ಮುಂದೆ ಕೂತು, "ನಿಮ್ಮತ್ತೆ ಕೇಳಿದ್ದು ನಿಜ. ನಾನು ಗುಳಿಗೆ ಕೈಗೆತ್ತಿ ನೋಡಲಿಲ್ಲ" ಎಂದೆ. ಫೋನಿನಲ್ಲಿ ಆ ಭಾಗವನ್ನು ಕೇಳಿಸಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಫೋನನ್ನು ಕಿವಿಯ ಹತ್ತಿರ ಹಿಡಿದಳು.

"ಅತ್ತೆ ದನಿ ಎಷ್ಟು ಗಟ್ಟಿ ಇತ್ತು ನೋಡಿ ಆಗ" ಎಂದಳು. "ಇನ್ನೊಂದ್ಸಲ ಹಾಕಿ."