ಮೈಕಮ್ಮ ಮಾತು ಬಿಟ್ಟ ದಿನ

ಮದುವೆಗೆ ಮೊದಲು ಮೈಕಮ್ಮ ಮೆಲ್ಲಗೆ ಮಾತನಾಡುತ್ತಿದ್ದಳಂತೆ. ಹೀಗೆಂದು ಹೇಳುವವಳು ಅವಳೊಬ್ಬಳೇ. ನಂಬಿದವರು ಇನ್ನೂ ಸಿಕ್ಕಿಲ್ಲ.

ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೆಲಸ ಅವಳದು. ಆಳೆತ್ತರದ ಯಂತ್ರಗಳು ಸಾಲಾಗಿ ನಿಂತು ದಿನವಿಡೀ ಗುಡುಗುತ್ತವೆ. ಒದ್ದೆ ಹಾಸಿಗೆಬಟ್ಟೆಯ ಒಂದು ತುದಿ ಇವಳ ಕೈಯಲ್ಲಿ, ಇನ್ನೊಂದು ತುದಿ ಪಕ್ಕದವಳ ಕೈಯಲ್ಲಿ, ಮುಂದೆ ಇಸ್ತ್ರಿ ಮಾಡುವ ಕಾದ ರೋಲರು. "ಬಿಡು" ಅಂದದ್ದು ಕೇಳಿಸದಿದ್ದರೆ ಪಕ್ಕದವಳ ಬೆರಳಿಗೆ ಸಂಚಕಾರ. ಅಲ್ಲಿ ಗಂಟಲಿದ್ದವರಿಗೇ ಅನ್ನ. ಸಂಜೆ ಎಲ್ಲರೂ ಏಪ್ರನ್ ಕಳಚಿಟ್ಟು ಮನೆಗೆ ಹೋಗುತ್ತಿದ್ದರು. ಇವಳೂ ಕಳಚುತ್ತಿದ್ದಳು, ಗಂಟಲು ಮಾತ್ರ ಜೊತೆಗೇ ಬರುತ್ತಿತ್ತು.

ಹೆಸರು ಬಿದ್ದದ್ದು ಚರ್ಚಿನಲ್ಲಿ. ಒಂದು ಭಾನುವಾರ ಕರೆಂಟು ಹೋಗಿ, ಪ್ರಕಟಣೆ ಓದುತ್ತಿದ್ದವರ ಧ್ವನಿ ಮೂರನೇ ಬೆಂಚು ದಾಟಲಿಲ್ಲ. ಹಿಂದಿದ್ದವರು "ಏನಂತೆ, ಏನಂತೆ" ಎಂದು ಕತ್ತು ಚಾಚತೊಡಗಿದರು. ಎರಡನೇ ಬೆಂಚಿನಲ್ಲಿದ್ದ ಇವಳು ಎದ್ದು ಹಿಂದಕ್ಕೆ ತಿರುಗಿ, ಶನಿವಾರ ಅಂಗಳ ಗುಡಿಸಲು ಬರಬೇಕೆಂಬ ಪ್ರಕಟಣೆಯನ್ನು ಕೇಳಿದ ಹಾಗೇ ದಾಟಿಸಿದಳು. ಆಗ ಹೊರಗೆ ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಅಪರಿಚಿತರೂ ಆ ಶನಿವಾರ ಗುಡಿಸಲು ಬಂದರು ಎಂದು ಹೇಳುವವರಿದ್ದಾರೆ. ಅಂದಿನಿಂದ ಅವಳು ಮೈಕಮ್ಮ.

ಗಂಡ ವಾಚು ರಿಪೇರಿಯವನು. ಉಸಿರು ಬಿಟ್ಟರೆ ಹಾರಿಹೋಗುವಂಥ ಸ್ಕ್ರೂಗಳ ಮುಂದೆ ಕೂತವನಿಗೆ ಬಾಯಿ ತೆರೆಯುವುದೇ ಅಪಾಯ. ಮನೆಯಲ್ಲೂ ಅದೇ ಅಭ್ಯಾಸ. "ಹೂಂ", "ಉಹೂಂ" ಎಂಬೆರಡು ಶಬ್ದಗಳ ಬಂಡವಾಳದಲ್ಲಿ ಸಂಸಾರ ಮಾಡಿ, ಮಗಳನ್ನು ಓದಿಸಿ, ಮದುವೆಯನ್ನೂ ಮಾಡಿ ಮುಗಿಸಿದ್ದ. ಅವನ ತಂಗಿ, ಅಂದರೆ ಮೈಕಮ್ಮನ ನಾದಿನಿ, ಬೇಕರಿಯಲ್ಲಿ ಕೆಲಸ ಮಾಡುವವಳು. "ನಮ್ಮಣ್ಣ ಮೂಕ ಅಲ್ಲ, ಅವನ ಸರದಿ ಇನ್ನೂ ಬಂದಿಲ್ಲ ಅಷ್ಟೆ" ಎನ್ನುತ್ತಿದ್ದಳು.

ಚರ್ಚಿನ ಯುವಜನರಿಗೆ ವರ್ಷಕ್ಕೊಮ್ಮೆ ಮೂರು ದಿನದ ಧ್ಯಾನಕೂಟ. ಊರಾಚೆಯ ಒಂದು ಹಳೆಯ ವಸತಿಶಾಲೆಯನ್ನು ರಜೆಯಲ್ಲಿ ಬಿಟ್ಟುಕೊಡುತ್ತಿದ್ದರು. ಉದ್ದನೆಯ ಊಟದ ಹಾಲು, ಅದಕ್ಕಂಟಿದ ಅಡುಗೆಮನೆ, ಎದುರಿಗೆ ದೊಡ್ಡ ಮೈದಾನ, ಮೈದಾನದಾಚೆ ಮರಗಳು. ಹುಡುಗ ಹುಡುಗಿಯರು ನಲವತ್ತರ ಮೇಲೆ. ಬೇಯಿಸಿ ಹಾಕುವ ಸ್ವಯಂಸೇವಕರು ಮೂವರೇ: ಮೈಕಮ್ಮ, ಅವಳ ಗಂಡ, ನಾದಿನಿ. ಕೆಲಸಕ್ಕೆ ರಜೆ ಹಾಕಿ, ಮನೆಯಿಂದ ಚಾಕು ತಂದು, ಎಷ್ಟೋ ವರ್ಷಗಳಿಂದ ಅವರೇ ಬರುತ್ತಿದ್ದರು. ಮೈಕಮ್ಮ ಒಲೆಯ ಮುಂದಿನಿಂದಲೇ ಇಡೀ ಕಟ್ಟಡವನ್ನು ನಡೆಸುತ್ತಿದ್ದಳು. "ಮೇಲಿನ ಬಚ್ಚಲಲ್ಲಿ ಯಾರ್ರೋ ಅದು, ನಲ್ಲಿ ನಿಲ್ಲಿಸಿ" ಎಂದು ಅನ್ನ ತಿರುವುತ್ತಲೇ ಹೇಳಿದರೆ, ಮೇಲೆ ನಲ್ಲಿ ನಿಲ್ಲುತ್ತಿತ್ತು.

ಆ ವರ್ಷ ಚರ್ಚಿಗೆ ಹೊಸ ಫಾದರ್ ಬಂದಿದ್ದರು. ಎಳೆಯ ವಯಸ್ಸು, ತುಂಬಾ ನಯ. ಎರಡನೆಯ ದಿನ ಬೆಳಗ್ಗೆಯಿಂದ ಮಧ್ಯಾಹ್ನದ ಊಟದವರೆಗೆ ಎಲ್ಲರೂ ಮೌನದಲ್ಲಿರಬೇಕೆಂದು ಅವರು ಹೊಸ ನಿಯಮ ಮಾಡಿದರು. ಹಿಂದಿನ ಸಂಜೆ ಅಡುಗೆಮನೆಗೆ ಬಂದು, ಸೌತೆಕಾಯಿ ಹೆಚ್ಚುತ್ತಿದ್ದ ಮೈಕಮ್ಮನ ಪಕ್ಕದಲ್ಲಿ ನಿಂತರು.

"ಅಮ್ಮ, ಅಡುಗೆಮನೆಯವರಿಗೆ ಮೌನ ಕಡ್ಡಾಯ ಅಲ್ಲ. ಕೆಲಸ ಇರುತ್ತಲ್ಲ, ಮಾತಾಡ್ಕೋಬಹುದು. ನೀವು ಮಾತ್ರ..."

"ನಾನು ಮಾತ್ರ?"

"ನೀವು ಮಾತ್ರ ಸ್ವಲ್ಪ ಮೆಲ್ಲಗೆ."

"ನಾನೀಗ ಮೆಲ್ಲಗೇ ಅಲ್ವಾ ಫಾದರ್ ಮಾತಾಡ್ತಿರೋದು?"

ಮೇಲಿನ ಮಹಡಿಯ ಕಿಟಕಿಯಿಂದ ಹುಡುಗಿಯರು ಕಿಸಕ್ಕನೆ ನಕ್ಕದ್ದು ಕೇಳಿಸಿತು. ನಾದಿನಿ ಮುಖ ತಿರುಗಿಸಿ ಸಿಂಕಿನ ಕಡೆ ಬಾಗಿದಳು, ಅವಳ ಭುಜ ಮಾತ್ರ ಕುಣಿಯುತ್ತಿತ್ತು. ಮೈಕಮ್ಮ ಚಾಕು ಕೆಳಗಿಟ್ಟಳು. ಅವಳ ಗಂಟಲನ್ನು ಆಡಿಕೊಂಡವರು ಬೇಕಾದಷ್ಟು ಜನ. ಅವರ ಜೊತೆ ಅವಳೂ ನಕ್ಕಿದ್ದಾಳೆ. ಆದರೆ ಎಲ್ಲರಿಗೂ ಒಂದು ನಿಯಮ, ಇವಳೊಬ್ಬಳಿಗೆ ಇನ್ನೊಂದು ಎಂದದ್ದು ಇದೇ ಮೊದಲು.

"ಆಯ್ತು ಫಾದರ್. ನಾಳೆ ಊಟದವರೆಗೆ ನನ್ನ ಬಾಯಿಂದ ಒಂದು ಪಿಟ್ಟು ಹೊರಟ್ರೆ ಕೇಳಿ."

"ಅಷ್ಟೊಂದು ಬೇಡ ಅಮ್ಮ" ಎಂದರು ಫಾದರ್. ಅವಳು ಚಾಕು ಎತ್ತಿಕೊಂಡು ಮತ್ತೆ ಸೌತೆಕಾಯಿ ಹೆಚ್ಚತೊಡಗಿದಳು. ಅವಳ ಮೌನ ಅಲ್ಲಿಂದಲೇ ಶುರುವಾಗಿತ್ತು.

ಬೆಳಗಾಯಿತು. ಮೈಕಮ್ಮ ತುಟಿ ಬಿಗಿದುಕೊಂಡೇ ಒಲೆ ಹಚ್ಚಿದಳು. ನಾದಿನಿ, "ಅತ್ತಿಗೆ, ಬೀನ್ಸ್‌ಗೆ ಉಪ್ಪು ಹಾಕಿದ್ರಾ?" ಎಂದಳು. ಅತ್ತಿಗೆ ಸೌಟಿನಿಂದ ಗಾಳಿಯಲ್ಲಿ ಏನೋ ಬರೆದಳು. ನಾದಿನಿ ಅದನ್ನು "ಇಲ್ಲ" ಎಂದು ಓದಿಕೊಂಡು ಇನ್ನೊಂದು ಹಿಡಿ ಹಾಕಿದಳು. ಅತ್ತಿಗೆ ಬರೆದದ್ದು "ಹಾಕಿದ್ದೀನಿ" ಎಂದು.

ಆಗ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಕ್ಯಾರೆಟ್ ಸಿಪ್ಪೆ ತೆಗೆಯುತ್ತಿದ್ದ ಗಂಡ ಬಾಯಿ ಬಿಟ್ಟ.

"ನಮ್ಮ ಅಂಗಡಿಗೆ ಒಂದು ಗೋಡೆ ಗಡಿಯಾರ ಬರುತ್ತೆ" ಎಂದ. ನಾದಿನಿಯ ಕೈ ನಿಂತಿತು. "ಹೆಂಡ್ತಿ ಎಲ್ಲಾ ಕಡೆಗೂ ತಡ ಮಾಡ್ತಾಳೆ ಅಂತ ಗಂಡ ಅದನ್ನ ತಂದು, ಹತ್ತು ನಿಮಿಷ ಮುಂದೆ ಇಡಿಸ್ಕೊಂಡು ಹೋಗ್ತಾನೆ. ಎರಡು ದಿನ ಬಿಟ್ಟು ಹೆಂಡ್ತಿ ತರ್ತಾಳೆ. ಯಾಕೋ ಮುಂದೆ ಓಡ್ತಿದೆ, ಸರಿ ಮಾಡಿಕೊಡಿ ಅಂತಾಳೆ. ಸರಿ ಮಾಡ್ತೀನಿ. ಮತ್ತೆ ಗಂಡ ಬರ್ತಾನೆ. ಎಂಟು ವರ್ಷದಿಂದ ಹೀಗೇ. ಇಬ್ಬರಿಗೂ ಇನ್ನೊಬ್ಬರು ಬರೋದು ಗೊತ್ತಿಲ್ಲ. ನಾನೂ ಹೇಳಿಲ್ಲ."

"ಯಾರಣ್ಣ ಅವರು?"

"ನಿಮಗೆಲ್ಲ ಗೊತ್ತಿರೋರೇ. ಚರ್ಚಲ್ಲಿ ನಮ್ಮ ಹಿಂದಿನ ಬೆಂಚಲ್ಲೇ ಕೂರ್ತಾರೆ" ಎಂದು ಅವನು ಇನ್ನೊಂದು ಕ್ಯಾರೆಟ್ ಎತ್ತಿಕೊಂಡು ಬೇರೊಂದು ಕಥೆಗೆ ಹೊರಟ.

ಮೈಕಮ್ಮ ಬೆರಳು ಮಡಚಿ ಎಣಿಸಿದಳು. ಹಿಂದಿನ ಬೆಂಚಿನಲ್ಲಿ ಕೂರುವವರು ಮೂರು ಜೋಡಿ. ಎಂಟು ವರ್ಷ ಇಂಥ ಸುದ್ದಿಯನ್ನು ಮನೆಯಲ್ಲಿಟ್ಟುಕೊಂಡು ಈ ಮನುಷ್ಯ "ಹೂಂ" ಎನ್ನುತ್ತಾ ಉಂಡೆದ್ದು ಹೋಗಿದ್ದಾನೆ. ಯಾರು ಎಂದು ಕೇಳಲು ಬಾಯಿ ತೆರೆದಳು, ಫಾದರ್ ನೆನಪಾಗಿ ಮುಚ್ಚಿದಳು. ಒಂದು ಹಸಿ ಕ್ಯಾರೆಟ್ ಕಚ್ಚಿ ಜಗಿದಳು.

ಹತ್ತೂವರೆಯ ಹೊತ್ತಿಗೆ ಗಂಡ ಮತ್ತು ನಾದಿನಿ ಚಹಾದ ಡ್ರಮ್ಮನ್ನು ಹೊತ್ತು ಮೈದಾನದಾಚೆಗೆ ಹೋದರು. ಹುಡುಗರೆಲ್ಲ ಅಲ್ಲಿ ಮರಗಳ ಕೆಳಗೆ ಕಣ್ಣು ಮುಚ್ಚಿ ಕೂತಿದ್ದರು. ಅಡುಗೆಮನೆಯಲ್ಲಿ ಮೈಕಮ್ಮ ಒಬ್ಬಳೇ, ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಅನ್ನ ಕುದಿಯುತ್ತಿತ್ತು. ಫಾದರ್ ಸದ್ದಿಲ್ಲದೆ ಒಳಬಂದು, ಮೇಣದಬತ್ತಿ ಬೇಕೆಂದು ಸನ್ನೆ ಮಾಡಿ ಉಗ್ರಾಣಕ್ಕೆ ಹೋದರು. ಗಾಳಿಗೆ ಅವರ ಹಿಂದೆ ಬಾಗಿಲು ಹಾಕಿಕೊಂಡಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಟಕ್ ಎಂದು ಏನೋ ಮುರಿದ ಸದ್ದಾಯಿತು. ಆಮೇಲೆ ಬಾಗಿಲು ತಟ್ಟುವ ಸದ್ದು, ಅದೂ ಬಹಳ ನಯವಾಗಿ.

ಮೈಕಮ್ಮ ಹೊರಗಿನ ಹಿಡಿಯನ್ನು ತಿರುಗಿಸಿದಳು. ಅದು ಸುಮ್ಮನೆ ಗಿರಗಿರ ಸುತ್ತಿತು.

"ಯಾರಾದ್ರೂ ಇದ್ದೀರಾ?" ಎಂದು ಪಿಸುದನಿ ಬಂತು. "ಮೈಕ... ಅಮ್ಮ, ನೀವೇನಾ?"

ಅವಳು ಸೌಟಿನಿಂದ ಬಾಗಿಲಿಗೆ ಒಮ್ಮೆ ತಟ್ಟಿದಳು.

"ಹೌದಾದ್ರೆ ಒಂದು, ಇಲ್ಲಾಂದ್ರೆ ಎರಡು ಸಲ ತಟ್ಟಿ. ಒಳಗಿನ ಹಿಡಿ ನನ್ನ ಕೈಗೇ ಬಂದುಬಿಟ್ಟಿದೆ. ಹೊರಗಿಂದ ತೆಗೆಯೋಕೆ ಆಗುತ್ತಾ?"

ಟಕ್ ಟಕ್.

"ನಿಮ್ಮ ಯಜಮಾನ್ರು ಅಲ್ಲಿದ್ದಾರಾ?"

ಟಕ್ ಟಕ್.

"ಅವರನ್ನ ಕೂಗಿ ಕರೀರಿ. ನೀವು ಮಾತಾಡಬಹುದು ಅಮ್ಮ. ಇದು ತುರ್ತು."

ಟಕ್ ಟಕ್.

"ನಾನೇ ಹೇಳ್ತಿದ್ದೀನಲ್ಲ."

ಟಕ್ ಟಕ್.

ಒಳಗೆ ಫಾದರ್ ಯಾವುದೋ ಚೀಲದ ಮೇಲೆ ಕುಸಿದು ಕೂತ ಸದ್ದಾಯಿತು.

"ನನ್ನ ಮೇಲೆ ಕೋಪನಾ?"

ಒಂದೇ ಸಲ ತಟ್ಟಿದಳು. ಆ ಪೆಟ್ಟಿಗೆ ಒಳಗಿನ ಶೆಲ್ಫಿನಿಂದ ಒಂದು ಡಬ್ಬ ಬಿತ್ತು.

ಹಾಗೆಂದು ಅವಳೇನು ಕಲ್ಲೆದೆಯವಳಲ್ಲ. ಅಡುಗೆಮನೆಯ ಹೊರಬಾಗಿಲಿಗೆ ಹೋಗಿ ಮೈದಾನದತ್ತ ನೋಡಿದಳು. ದೂರದಲ್ಲಿ ಗಂಡ ಹೆಬ್ಬೆರಳಿನಷ್ಟು ಕಾಣುತ್ತಿದ್ದ. ಏಪ್ರನ್ ಬಿಚ್ಚಿ ಬೀಸಿದಳು. ಅವನು ನೋಡಿದ, ಖುಷಿಯಿಂದ ತಾನೂ ಕೈ ಬೀಸಿದ. ಹೆಂಡತಿ ಅವನನ್ನು ನೋಡಿ ಹಾಗೆ ಏಪ್ರನ್ ಬೀಸಿದ್ದು ಮದುವೆಯಾದ ಹೊಸತರಲ್ಲೂ ಇರಲಿಲ್ಲ. ಸೌಟು ಎತ್ತಿ ಆಡಿಸಿದಳು. ನಾದಿನಿ ಚಹಾದ ಲೋಟ ಎತ್ತಿ ಆಡಿಸಿದಳು. ಓಡಿಹೋಗೋಣವೆಂದರೆ ಹಿಂದೆ ಅನ್ನದ ಗಂಜಿ ಉಕ್ಕಿ ಒಲೆಯ ಮೇಲೆ ಚುರ್ ಎನ್ನುತ್ತಿತ್ತು. ಮತ್ತೆ ಉಗ್ರಾಣದ ಮುಂದೆ ಬಂದು ನಿಂತಳು.

"ಅಮ್ಮ" ಎಂದರು ಫಾದರ್ ಒಳಗಿನಿಂದ. ಈಗ ದನಿಯಲ್ಲಿ ನಯಕ್ಕಿಂತ ಬೇಸರ ಹೆಚ್ಚಿತ್ತು. "ನಿನ್ನೆ ನಾನು ಹಾಗೆ ಹೇಳಬಾರದಿತ್ತು. ಅದೂ ಎಲ್ಲರ ಎದುರಿಗೆ. ಈ ಊರಿಗೆ ಬಂದ ದಿನದಿಂದ, ಎಲ್ಲಿ ಏನು ತಪ್ಪಾಗುತ್ತೋ ಅಂತ ಹೆದರ್ಕೊಂಡೇ ಎಲ್ಲಾ ಮಾಡ್ತಿದ್ದೀನಿ. ಮೌನ ಕೆಟ್ಟುಹೋದ್ರೆ ಹುಡುಗರು ನಗ್ತಾರೆ ಅನ್ನೋ ಭಯ. ತಪ್ಪಾಯ್ತು. ಈಗ ನನಗೆ ನಿಮ್ಮ ಧ್ವನಿ ಬೇಕು."

ಮೈಕಮ್ಮ ಬಾಗಿಲಿಗೆ ಬಾಯಿ ಹತ್ತಿರ ತಂದಳು.

"ಪೂರ್ತಿನಾ?"

"ಪೂರ್ತಿ."

ಅವಳು ಅಡುಗೆಮನೆಯ ಮೆಟ್ಟಿಲಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಹಿಂದಿನ ಸಂಜೆಯಿಂದ ಕೂಡಿಟ್ಟುಕೊಂಡಿದ್ದ ಉಸಿರನ್ನೆಲ್ಲ ಎಳೆದುಕೊಂಡಳು.

"ರೀ..."

ಮರಗಳ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಧ್ಯಾನದಲ್ಲಿದ್ದ ನಲವತ್ತು ಮಂದಿ ಕಣ್ಣು ಬಿಟ್ಟರು. ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬ ಗೃಹಸ್ಥ ಸೈಕಲ್ಲಿನಿಂದ ಇಳಿದು ಅತ್ತಿತ್ತ ನೋಡಿದ. ಪಕ್ಕದ ಹೊಸ ಕಟ್ಟಡದ ಮೇಲಿದ್ದ ಗಾರೆ ಕೆಲಸದವನು ಕರಣೆ ಕೆಳಗಿಟ್ಟು "ಬಂದೆ" ಎಂದನಂತೆ. ಮೈಕಮ್ಮನ ಗಂಡ, ಅರ್ಧ ಹೇಳಿದ್ದ ಕಥೆಯನ್ನು ಅಲ್ಲೇ ಬಿಟ್ಟು ಓಡತೊಡಗಿದ. ಅವನ ಹಿಂದೆ ನಾದಿನಿ, ಅವಳ ಹಿಂದೆ ಇಡೀ ಯುವಕೂಟ.

ಗಂಡ ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು, ಹಿಡಿಯನ್ನು ಬಿಚ್ಚಿ, ಸ್ಕ್ರೂಡ್ರೈವರನ್ನೇ ತೂತಿನೊಳಗೆ ತೂರಿಸಿ ತಿರುಗಿಸಿದ. ಬಾಗಿಲು ತೆರೆಯಿತು. ಹಿಟ್ಟಿನ ಚೀಲದ ಮೇಲೆ ಕೂತಿದ್ದ ಫಾದರ್ ಎದ್ದು ಬಂದರು, ಹಿಂಭಾಗವೆಲ್ಲ ಬೆಳ್ಳಗೆ. ಕೈಯಲ್ಲಿ ಮೇಣದಬತ್ತಿ ಇನ್ನೂ ಹಾಗೇ ಇತ್ತು. ಹುಡುಗರಲ್ಲಿ ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಎರಡನೆಯವರು ಫಾದರ್.

ಮೈಕಮ್ಮ ಗಂಡನ ತೋಳು ಹಿಡಿದು ಒಲೆಯ ಪಕ್ಕಕ್ಕೆ ಎಳೆದಳು.

"ಆ ಗಡಿಯಾರದ ಗಂಡ ಹೆಂಡ್ತಿ ಯಾರ್ರೀ?"

ಅವಳ ಮಟ್ಟಿಗೆ ಅದು ಗುಟ್ಟಿನ ದನಿ. ಯುವಕೂಟವೆಲ್ಲ ಕಿವಿ ನಿಮಿರಿಸಿತು. ಗಂಡ ಸುತ್ತಲೂ ನೋಡಿದ.

"ಉಹೂಂ" ಎಂದ.

ಅಂದಿನ ಅನ್ನದ ತಳ ಸೀದಿತ್ತು, ಬೀನ್ಸು ಉಪ್ಪಿನ ಗಣಿಯಾಗಿತ್ತು, ಆದರೂ ಪಾತ್ರೆಗಳು ಖಾಲಿಯಾದವು. ಸಂಜೆ, ಮೌನದಲ್ಲಿ ತಮಗೇನು ಅನಿಸಿತೆಂದು ಒಬ್ಬೊಬ್ಬರೂ ಹೇಳಬೇಕಿತ್ತು. ಒಬ್ಬಳು, "ನನಗೆ ಯಾರೋ ಕರೆದ ಹಾಗಾಯ್ತು ಫಾದರ್. ಸಾಕ್ಷಾತ್ ದೇವರೇ ಅಂದ್ಕೊಂಡೆ. ಆದ್ರೆ ದೇವರು ನನ್ನನ್ನ ರೀ ಅಂತ ಯಾಕೆ ಕರೀತಾನೆ ಅಂತ ಅನುಮಾನ ಬಂತು" ಎಂದಳು. ಊಟದ ಹಾಲಿನಲ್ಲೆದ್ದ ನಗು ಅಡುಗೆಮನೆಗೂ ಬಂತು. ಅಲ್ಲಿ ಮೈಕಮ್ಮನೂ ನಕ್ಕಳು.

ಊಟದ ನಂತರ ಫಾದರ್ ಅಡುಗೆಮನೆಗೆ ಬಂದು, ಕೇಳದೆಯೇ ಒಂದು ಬಟ್ಟೆ ತೆಗೆದುಕೊಂಡು ತೊಳೆದ ತಟ್ಟೆಗಳನ್ನು ಒರೆಸತೊಡಗಿದರು.

"ನನ್ನ ಗಂಟಲು ಜೋರು ಅಂತ ನನಗೆ ಗೊತ್ತು ಫಾದರ್" ಎಂದಳು ಮೈಕಮ್ಮ ತಟ್ಟೆ ಕೊಡುತ್ತಾ. "ಎಲ್ಲರೂ ಸುಮ್ಮನಿರಿ ಅಂದಿದ್ರೆ ನಾನೂ ಇರ್ತಿದ್ದೆ. ನೀವು ಮಾತ್ರ ಅಂದ್ರಲ್ಲ, ಅದು ಚುಚ್ಚಿತು."

"ಮುಂದಿನ ವರ್ಷ ಎಲ್ಲರಿಗೂ ಒಂದೇ ನಿಯಮ ಅಮ್ಮ. ಅಡುಗೆಮನೆಗೂ."

"ನಮ್ಮ ನಾದಿನಿಗೂ?"

"ಅವರಿಗೂ."

ನಾದಿನಿಯ ಕೈಯಿಂದ ತಟ್ಟೆ ಜಾರಿ ಬಿತ್ತು.

ಮರುವರ್ಷ ಹಾಗೇ ಆಯಿತು. ಮೌನದ ಗಂಟೆ ಹೊಡೆದಾಗ ಮೂವರೂ ಅಡುಗೆಮನೆಯಲ್ಲಿ ಚಾಕು ಹಿಡಿದು ಕೂತರು. ಗಂಡನಿಗೆ ಅದು ನೀರು ಕುಡಿದಷ್ಟು ಸುಲಭ. ಮೈಕಮ್ಮ ಕುತ್ತಿಗೆಯ ನರ ಉಬ್ಬಿಸಿಕೊಂಡು ತಡೆದುಕೊಂಡಳು. ನಾದಿನಿ ಮಾತ್ರ ಮೊದಲನೇ ಈರುಳ್ಳಿ ಹೆಚ್ಚಿ ಮುಗಿಸುವ ಮೊದಲೇ "ಅಯ್ಯೋ, ನನ್ನ ಕಣ್ಣು" ಎಂದುಬಿಟ್ಟಳು. ಮೈಕಮ್ಮ ತುಟಿಯ ಮೇಲೆ ಬೆರಳಿಟ್ಟು, ಬಹಳ ನಯವಾಗಿ, "ಶ್" ಎಂದಳು. ಮೇಲಿನ ಬಚ್ಚಲಲ್ಲಿ ಯಾರೋ ನಲ್ಲಿ ನಿಲ್ಲಿಸಿದರು.