ಗಾರೆ ಹಾಕಿದ ಲಾಂಚು

ಕರಾವಳಿಯ ಹಡಗು ದುರಸ್ತಿ ಯಾರ್ಡೊಂದರಲ್ಲಿ ಎಸ್ಟಿಮೇಟರ್ ಆಗಿದ್ದ ನಾನು ನಿವೃತ್ತನಾಗಿ ಹೊಸಪೇಟೆಗೆ ಮರಳಿದ ಮೊದಲ ಮಳೆಗಾಲದ ಮಾತಿದು. ಹಡಗಿನ ಹಲ್, ಅಂದರೆ ನೀರಿಗೆ ತಾಗುವ ಹೊರಮೈಯಲ್ಲಿ ಎಷ್ಟು ತಗಡು ಕತ್ತರಿಸಿ ಹೊಸದು ಬೆಸೆಯಬೇಕೆಂದು ಮೊದಲೇ ಅಂದಾಜು ಹೇಳುವುದು ನನ್ನ ಕಸುಬು. ಸಮುದ್ರವೇ ಇಲ್ಲದ ಊರಲ್ಲಿ ಇದು ಯಾರಿಗೆ ಬೇಕು ಎಂದುಕೊಂಡಿದ್ದೆ. ಕೊಟ್ರಪ್ಪ ಮನೆಗೇ ಬಂದರು.

ಅವರದು ಡ್ಯಾಮಿನ ಹಿನ್ನೀರಿನಲ್ಲಿ ಜನರನ್ನೂ ಬೈಕುಗಳನ್ನೂ ದಾಟಿಸುವ ಕಬ್ಬಿಣದ ಲಾಂಚು. ಬೇಸಿಗೆಯಲ್ಲಿ ನೀರು ಇಳಿದು ಅದು ಕೆಸರಿನ ಮೇಲೆ ಒಂದು ಬದಿಗೆ ವಾಲಿ ಕೂತಿತ್ತು. ಈಗ ಘಟ್ಟದಲ್ಲಿ ಮಳೆ ಹಿಡಿದು, ನೀರು ಲಾಂಚಿನ ಕಡೆಗೆ ಏರುತ್ತಿತ್ತು. ಮರುದಿನ ಕೊಟ್ರಪ್ಪನವರ ಮಗಳ ಮದುವೆ. ಆಚೆ ದಡದಿಂದ ಬೀಗರ ದಿಬ್ಬಣ ಇದರಲ್ಲೇ ಬರಬೇಕಿತ್ತು.

"ಮದುವಿ ಮುಗಿದ ಮ್ಯಾಲೆ ರಿಪೇರಿ ಮಾಡ್ಸೋಣ್ರಿ. ಸುಮ್ನ ಒಂದು ಅಂದಾಜು ಹೇಳ್ರಿ," ಎಂದರು. "ಮೊದ್ಲು ಭಾಳ ಸೋರ್ತಿತ್ತು. ಈಗ ಒಂದ್ ಹನಿ ಇಲ್ಲ."

ನನಗೆ ಅಲ್ಲೇ ಏನೋ ಸರಿಯಿಲ್ಲ ಅನ್ನಿಸಿತು. ಸೋರುವ ಕಬ್ಬಿಣ ತಾನಾಗಿ ವಾಸಿಯಾದದ್ದನ್ನು ನಾನು ಎಲ್ಲೂ ಕಂಡಿಲ್ಲ.

"ಏನ್ ಮಾಡ್ಸಿದ್ರಿ?"

"ನಾಕ್ ವರ್ಸದ ಹಿಂದ ಒಳಗ ತಳಕ್ಕ ಸಿಮೆಂಟ್ ಗಾರಿ ಹಾಕ್ಸೀನ್ರಿ. ಕಾಲುವಿಗೆ ಹಾಕಂಗ, ಗಟ್ಟಿ!"

ಕಾಲುವೆಯ ನಾಡಿನ ಜನ ನಾವು. ತೊಟ್ಟಿ ಸೋರಿದರೂ ಗಾರೆ, ತೂಬು ಸೋರಿದರೂ ಗಾರೆ. ಲಾಂಚಿಗೂ ಅದೇ ಮದ್ದು ಅರೆದಿದ್ದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಕೂಡಲೇ ಅವರ ಜೊತೆ ದಡಕ್ಕೆ ಹೋಗಿ, ಲಾಂಚಿನ ತಳದ ಬಣ್ಣ ಹೊರಗಿನಿಂದ ಕೆರೆದು ಥಿಕ್‌ನೆಸ್ ಗೇಜ್ ಒತ್ತಿದೆ. ಶಬ್ದದ ಅಲೆ ಕಳಿಸಿ ತಗಡಿನ ದಪ್ಪ ಅಳೆಯುವ ಉಪಕರಣ ಅದು. ಆರು ಮಿಲಿಮೀಟರ್ ಇರಬೇಕಾದ ಕಡೆ ಎರಡು ಮಿಲಿಮೀಟರ್ ಕೂಡ ಇರಲಿಲ್ಲ. ಕಾಲು ಭಾಗ ಸವೆದರೇ ತಗಡು ಬದಲಿಸುವುದು ನಮ್ಮ ರೂಢಿ.

"ಇದನ್ನ ನೀರಿಗೆ ಬಿಡಬ್ಯಾಡ್ರಿ," ಎಂದೆ.

"ಬೀಗರು ಕಾಯ್ತಾರ್ರೀ! ನಿಮ್ಮ ಮಷೀನ್ ಸಮುದ್ರದ್ದು, ಇದು ಸಿಹಿ ನೀರು."

ನನಗೆ ಸಿಟ್ಟು ನೆತ್ತಿಗೇರಿತು. ಸುತ್ತಿಗೆಯನ್ನು ಅವರ ಕೈಗೇ ಕೊಟ್ಟೆ. "ಹೊಡೀರಿ. ಜೋರಾಗಿ ಬ್ಯಾಡ."

ಹೊಡೆದರು. ಠಣ್ ಎನ್ನಬೇಕಾದ ಕಬ್ಬಿಣ ಏನೂ ಅನ್ನಲಿಲ್ಲ. ಸುತ್ತಿಗೆಯ ಮೂತಿ ಒಳಗೆ ಹೋಗಿತ್ತು. ಎಳೆದಾಗ ತೂತಿನಿಂದ ಕಪ್ಪು ನೀರು ಸುರಿಯತೊಡಗಿತು, ನಿಲ್ಲಲೇ ಇಲ್ಲ.

ಕೊಟ್ರಪ್ಪ ಅದಕ್ಕೆ ಅಂಗೈ ಒಡ್ಡಿದರು. "ಹೊಳಿ ಇನ್ನೂ ಅಲ್ಲೈತಿ... ಈ ನೀರು ಎಲ್ಲೀದ್ರಿ?"

"ಗಾರಿ ಕೆಳಗ ಸಿಕ್ಕೊಂಡಿದ್ದು. ಅಲ್ಲೇ ಕುಂತು ಒಳಗಿಂದ ತಿಂದೈತಿ."

ಅವರು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡರು. ಆಮೇಲೆ ಬೀಗರಿಗೆ ಫೋನ್ ಹಚ್ಚಿ, ರಸ್ತೆ ಸುತ್ತಿ ಬಸ್ಸಿನಲ್ಲಿ ಬನ್ನಿರೆಂದರು.

ಮರುದಿನ ಮದುವೆ ಮುಗಿಸಿಕೊಂಡು ದಡಕ್ಕೆ ಹೋದೆವು. ಹಿನ್ನೀರು ಲಾಂಚನ್ನು ಸುತ್ತುವರಿದಿತ್ತು. ಆದರೆ ಲಾಂಚು ತೇಲಿ ಮೇಲೇಳಲೇ ಇಲ್ಲ. ಅದಕ್ಕೆ ಸುತ್ತಿಗೆ ಮಾಡಿದ ತೂತೊಂದೇ ಕಾರಣವಾಗಿರಲಿಲ್ಲ. ಗಾರೆಯ ಅಂಚಿನುದ್ದಕ್ಕೂ ತಗಡು ಬಿಟ್ಟುಕೊಂಡು, ಖಾಲಿ ಲಾಂಚು ನಮ್ಮ ಕಣ್ಣೆದುರೇ ತುಂಬಿಕೊಂಡಿತು. ಮದುಮಗ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಕೊಟ್ರಪ್ಪ ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಎಲ್ಲಿ ಸೋರುತ್ತಿದೆ ಎಂದು ಕೇಳುವುದನ್ನು ಯಾರ್ಡು ನನಗೆ ಕಲಿಸಿತ್ತು. ಸೋರುವುದು ಹೇಗೆ ನಿಂತಿತು ಎಂದು ಮೊದಲು ಕೇಳಬೇಕೆಂದು ಆ ದಡ ಕಲಿಸಿತು.